ನಿಂಬೆ-ಕಿತ್ತಳೆ ಸಿಗಡಿ ಸ್ಟಾರ್ಟರ್: ಸಿಪ್ಪೆ ಮೊದಲು, ರಸ ಕೊನೆಗೆ (ನನ್ನ ಅನುಭವ)

ಯಾವ ಸಿಗಡಿ ರೆಸಿಪಿ ತೆಗೆದ್ರೂ ಮೊದಲನೇ ಸಾಲೇ "ನಿಂಬೆರಸ, ಉಪ್ಪು, ಖಾರ ಹಚ್ಚಿ ಅರ್ಧ ಗಂಟೆ ನೆನೆಯಲು ಬಿಡಿ" ಅಂತ ಇರುತ್ತೆ. ನಾನು ಮಾಡೋದು ಇದರ ಪೂರ್ತಿ ಉಲ್ಟಾ. ನೆನೆಸೋವಾಗ ಹಣ್ಣಿನ ಸಿಪ್ಪೆ ಮಾತ್ರ ಹಾಕ್ತೀನಿ, ರಸದ ಒಂದು ಹನಿನೂ ಹಸಿ ಸಿಗಡಿಗೆ ತಾಗಿಸಲ್ಲ, ನಿಂಬೆ ಹಿಂಡೋದು ಒಲೆ ಆರಿಸಿದ ಮೇಲೆ. ಇಷ್ಟೇ ವ್ಯತ್ಯಾಸ, ಆದ್ರೆ ತಿನ್ನೋವಾಗ ಗೊತ್ತಾಗುತ್ತೆ, ಸಿಗಡಿ ಒಳಗೆ ಮೆತ್ತಗೆ ರಸಭರಿತವಾಗಿ ಇದ್ದು ಕಚ್ಚಿದಾಗ ಟಕ್ ಅಂತ ಮುರಿಯುತ್ತೆ, ಹಣ್ಣಿನ ಪರಿಮಳ ಬೇರೆ, ಹುಳಿ ಬೇರೆ ಅಂತ ಎರಡೂ ಸಿಗುತ್ತೆ.

ಹೇಗೆ ಮಾಡ್ತೀನಿ ಅಂತ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಅಳತೆಗಿಂತ ಕಾರಣ ಗೊತ್ತಿದ್ರೆ ನಿಮ್ಮ ಅಡುಗೆಮನೆಗೆ ತಕ್ಕ ಹಾಗೆ ನೀವೇ ಬದಲಾಯಿಸ್ಕೋಬಹುದು.

ಅಳತೆ ಮೊದಲು ಹೇಳಿಬಿಡ್ತೀನಿ. ಸುಲಿದು ಕ್ಲೀನ್ ಮಾಡಿದ ಸಿಗಡಿ 500 ಗ್ರಾಂ, ಕಿತ್ತಳೆ ಒಂದು, ನಿಂಬೆ ಎರಡು, ಬೆಳ್ಳುಳ್ಳಿ ನಾಲ್ಕೈದು ಎಸಳು, ಎಣ್ಣೆ ಮೂರು ದೊಡ್ಡ ಚಮಚ, ಬೆಣ್ಣೆ 30 ಗ್ರಾಂ (ಫ್ರಿಜ್ಜಿಂದ ತೆಗೆದ ತಣ್ಣಗಿನದ್ದೇ ಬೇಕು, ಕಾರಣ ಆಮೇಲೆ), ಉಪ್ಪು ಅರ್ಧ ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಒಣಮೆಣಸಿನಕಾಯಿ ಕುಟ್ಟಿದ್ದು ಅವರವರ ತಾಕತ್ತಿಗೆ ತಕ್ಕಷ್ಟು, ಕೊನೆಗೆ ಉದುರಿಸೋಕೆ ಒಂದಿಷ್ಟು ಕೊತ್ತಂಬರಿ ಸೊಪ್ಪು. ಸ್ಟಾರ್ಟರ್ ಆದ್ರಿಂದ ಒಬ್ಬರಿಗೆ ನಾಲ್ಕೈದು ಸಿಗಡಿ ಲೆಕ್ಕ ಹಿಡಿದ್ರೆ ಐದಾರು ಜನಕ್ಕೆ ಆಗುತ್ತೆ.

ಸಿಗಡಿ ತಗೊಳ್ಳೋ ವಿಷಯಕ್ಕೆ ಬರೋಣ. ಫ್ರೋಜನ್ ಪ್ಯಾಕೆಟ್ ಮೇಲೆ 16/20, 21/25, 31/40 ಅಂತೆಲ್ಲಾ ನಂಬರ್ ಇರುತ್ತಲ್ಲ, ಅದು ಒಂದು ಪೌಂಡಿಗೆ, ಅಂದ್ರೆ ಸುಮಾರು 450 ಗ್ರಾಮಿಗೆ, ಎಷ್ಟು ಸಿಗಡಿ ಬರುತ್ತೆ ಅನ್ನೋ ಲೆಕ್ಕ. ನಂಬರ್ ಚಿಕ್ಕದಾದಷ್ಟೂ ಸಿಗಡಿ ದೊಡ್ಡದು. ಈ ಅಡುಗೆಗೆ ನನಗೆ 21/25 ಸರಿ ಅನ್ಸುತ್ತೆ, ಹೊರಗೆ ಬಣ್ಣ ಬರೋಷ್ಟು ಹೊತ್ತು ಬಾಣಲೆಯಲ್ಲಿ ಇಟ್ರೂ ಒಳಗೆ ಒಣಗಿ ಹೋಗಲ್ಲ. ತೀರಾ ಸಣ್ಣದು ತಗೊಂಡ್ರೆ ಬಣ್ಣ ಬರೋ ಹೊತ್ತಿಗೆ ಅದು ಬೆಂದು ಮುಗಿದು ಮುದುಡಿ ಕೂತಿರುತ್ತೆ, ಸಣ್ಣ ಸಿಗಡಿನ ಬೇರೆ ಅಡುಗೆಗೆ ಇಟ್ಕೊಳ್ಳಿ.

ಫ್ರೆಶ್ಶೋ ಫ್ರೋಜನ್ನೋ ಅನ್ನೋ ಚರ್ಚೆಗೆ ನಾನು ಜಾಸ್ತಿ ಹೋಗಲ್ಲ. ಹಿಡಿದ ತಕ್ಷಣ ಚೆನ್ನಾಗಿ ಫ್ರೀಜ್ ಮಾಡಿದ್ದು, ಐಸಲ್ಲಿ ಎಷ್ಟು ದಿನ ಕೂತಿದೆ ಅಂತಾನೇ ಗೊತ್ತಿಲ್ಲದ "ತಾಜಾ" ಸಿಗಡಿಗಿಂತ ಎಷ್ಟೋ ವಾಸಿ. ಮೂಸಿ ನೋಡಿ, ಸಮುದ್ರದ ನೀರಿನ ತೆಳ್ಳನೆ ವಾಸನೆ ಇರಬೇಕು, ಅಮೋನಿಯಾ ಥರ ಮೂಗಿಗೆ ಹೊಡೆದ್ರೆ ಅಲ್ಲೇ ಬಿಟ್ಟು ಬನ್ನಿ, ಅದನ್ನ ಯಾವ ನಿಂಬೆನೂ ಉಳಿಸಲ್ಲ. ಚಿಪ್ಪಿನ ಮೇಲೆ ಕಪ್ಪು ಚುಕ್ಕೆ ಇದ್ರೆ ಕೆಲವರು ಕೊಳೆತಿದೆ ಅಂದ್ಕೋತಾರೆ, ಹಾಗಲ್ಲ, ಅದು ಸಿಗಡಿಯಲ್ಲೇ ಇರೋ ಕಿಣ್ವ ಗಾಳಿಗೆ ಸೇರಿ ಆಗೋ ಬಣ್ಣ, ಸೇಬು ಹೆಚ್ಚಿಟ್ರೆ ಕಂದು ಬರೋದೂ ಇದೇ ಜಾತಿಯ ಕೆಲಸ. ಆದ್ರೂ ಹೊಸದಾಗಿ ಹಿಡಿದಿದ್ದಲ್ಲ ಅನ್ನೋದಕ್ಕೆ ಅದೊಂದು ಸೂಚನೆ. ಈ ಕಪ್ಪು ಬರದೇ ಇರಲಿ ಅಂತ ಸಲ್ಫೈಟ್ ಹಾಕಿರ್ತಾರೆ, ಆಸ್ತಮಾ ಇರೋ ಕೆಲವರಿಗೆ ಸಲ್ಫೈಟ್ ಆಗಲ್ಲ, ಹಾಗಾಗಿ ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಒಮ್ಮೆ ಓದಿ. ಅಲ್ಲೇ ಇನ್ನೊಂದು ಹೆಸರೂ ನೋಡಿ, ಟ್ರೈಪಾಲಿಫಾಸ್ಫೇಟ್ ಅಂತ. ಅದರಲ್ಲಿ ಅದ್ದಿದ ಸಿಗಡಿ ನೀರು ಹೀರ್ಕೊಂಡು ತೂಕ ಜಾಸ್ತಿ ಆಗಿರುತ್ತೆ, ಬಾಣಲೆಗೆ ಹಾಕಿದ ಕೂಡಲೇ ಆ ನೀರೆಲ್ಲಾ ವಾಪಸ್ ಬಿಡುತ್ತೆ, ಹುರಿಯೋಕೆ ಹೋದ್ರೆ ಬೇಯಿಸಿದ ಹಾಗಾಗುತ್ತೆ. ಸಾಮಗ್ರಿ ಪಟ್ಟಿಯಲ್ಲಿ ಸಿಗಡಿ ಮತ್ತೆ ಉಪ್ಪು ಅಷ್ಟೇ ಇದ್ರೆ ಅದೇ ಒಳ್ಳೇದು.

ಚಿಪ್ಪು ಇರೋದನ್ನೇ ತಗೊಳ್ಳಿ ಅಂತ ನನ್ನ ಒತ್ತಾಯ. ಸುಲಿಯೋ ಕೆಲಸ ಬೇಜಾರು ನಿಜ, ಆದ್ರೆ ಚಿಪ್ಪಿನಲ್ಲಿ ಅರ್ಧ ರುಚಿ ಇದೆ, ಅದನ್ನ ಎಣ್ಣೆಗೆ ಇಳಿಸ್ಕೊಂಡ್ರೆ ಈ ಅಡುಗೆ ಬೇರೆನೇ ಆಗುತ್ತೆ. ತಲೆ ಸಮೇತ ಇರೋದಾದ್ರೆ 500 ಗ್ರಾಂ ತಿರುಳಿಗೆ ಒಂದು ಕೆಜಿ ಹತ್ತಿರ ತಗೋಬೇಕಾಗುತ್ತೆ, ಮತ್ತೆ ಮನೆಗೆ ಬಂದ ತಕ್ಷಣ ತಲೆ ತೆಗೆದುಬಿಡಿ, ತಲೆಯೊಳಗಿನ ಜೀರ್ಣರಸ ಸೋರಿ ಮೈಯ ಮಾಂಸನ ಮೆತ್ತಗೆ ಮಾಡಿಬಿಡುತ್ತೆ.

ಫ್ರೋಜನ್ ಆದ್ರೆ ಹಿಂದಿನ ರಾತ್ರಿನೇ ಫ್ರೀಜರಿಂದ ಕೆಳಗಿನ ಫ್ರಿಜ್ಜಿಗೆ ಇಳಿಸಿಬಿಡಿ. ಮರೆತಿದ್ರೆ ಕವರಲ್ಲಿ ಹಾಕಿ ತಣ್ಣೀರಲ್ಲಿ ಮುಳುಗಿಸಿಟ್ರೆ ಅರ್ಧ ಗಂಟೆಯೊಳಗೆ ಬಿಡುತ್ತೆ. ಬಿಸಿನೀರು ಬೇಡ, ಮೈಕ್ರೋವೇವ್ ಅಂತೂ ಬೇಡವೇ ಬೇಡ, ಅಂಚು ಬೆಂದು ನಡು ಐಸ್ ಆಗೇ ಇರುತ್ತೆ.

ಸುಲಿಯೋವಾಗ ಬಾಲದ ತುದಿ ಬಿಡ್ತೀನಿ, ಕೈಯಲ್ಲಿ ಹಿಡ್ಕೊಂಡು ತಿನ್ನೋಕೆ ಅನುಕೂಲ, ನೋಡೋಕೂ ಚೆಂದ. ಬಾಲದ ಒಳಗೆ ಒಂದಿಷ್ಟು ನೀರು ನಿಂತಿರುತ್ತೆ, ಅದು ಬಾಣಲೆಗೆ ಬಿದ್ರೆ ಚಟಪಟ ಅಂತ ಸಿಡಿಯುತ್ತೆ, ಚಾಕುವಿನ ತುದಿಯಿಂದ ಒಮ್ಮೆ ಒತ್ತಿ ಎಳೆದು ಹಿಂಡಿಬಿಡಿ. ಬೆನ್ನ ಮೇಲೆ ಕಪ್ಪು ದಾರದ ಥರ ಕಾಣೋದು ಸಿಗಡಿಯ ಕರುಳು, ಚಾಕುವಿನಿಂದ ಬೆನ್ನು ಸೀಳಿ ತೆಗೀತೀನಿ, ಮರಳು ಮರಳು ಸಿಗೋದು ತಪ್ಪುತ್ತೆ. ಸೀಳೋವಾಗ ಸ್ವಲ್ಪ ಆಳಕ್ಕೇ ಸೀಳ್ತೀನಿ, ಬೆಂದಾಗ ಬೆನ್ನು ಬಿರಿದು ಅರಳುತ್ತೆ, ಸಾಸ್ ಹಿಡ್ಕೊಳ್ಳೋಕೆ ಜಾಗ ಆಗುತ್ತೆ. ಹೊಟ್ಟೆ ಕಡೆ ಇರೋ ಇನ್ನೊಂದು ಗೆರೆ ನರ, ಅದನ್ನ ತೆಗೆಯೋ ಗೋಜಿಗೆ ಹೋಗಬೇಡಿ.

ಈಗ ಉಪ್ಪು ಮತ್ತೆ ಸೋಡಾ. ಸಿಗಡಿನ ಟಿಶ್ಯೂ ಪೇಪರಲ್ಲಿ ಒರೆಸಿ ಅರ್ಧ ಟೀ ಚಮಚ ಉಪ್ಪು, ಕಾಲು ಟೀ ಚಮಚ ಸೋಡಾ ಉದುರಿಸಿ ಕೈಯಾಡಿಸಿ ಫ್ರಿಜ್ಜಲ್ಲಿ 20-30 ನಿಮಿಷ ಇಡ್ತೀನಿ. ಉಪ್ಪು ಒಳಗೆ ಇಳಿದು ಬೇಯೋವಾಗ ನೀರು ಬಿಡದ ಹಾಗೆ ಹಿಡ್ಕೊಳ್ಳುತ್ತೆ, ಸೋಡಾ ಕ್ಷಾರ ಆದ್ರಿಂದ ಮಾಂಸದ ಪಿಹೆಚ್ (ಹುಳಿ-ಕ್ಷಾರ ಅಳೆಯೋ ಅಂಕಿ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) ಮೇಲಕ್ಕೆ ಹೋಗಿ ಪ್ರೋಟೀನುಗಳು ಬಿಗಿಯಾಗಿ ಒಂದಕ್ಕೊಂದು ಅಂಟ್ಕೊಳ್ಳೋದು ಕಮ್ಮಿ ಆಗುತ್ತೆ, ಹಾಗಾಗಿ ನೀರು ಒಳಗೇ ಉಳಿಯುತ್ತೆ, ಜೊತೆಗೆ ಹೊರಗೆ ಬೇಗ ಹುರಿದ ಕಂದು ಬಣ್ಣ ಬರುತ್ತೆ. ಅಳತೆ ಮೀರಬಾರದು, ಸೋಡಾ ಜಾಸ್ತಿ ಆದ್ರೆ ಸೋಪಿನ ರುಚಿ ಬರುತ್ತೆ.

ಇಲ್ಲಿ ನೋಡಿ, ನಿಂಬೆರಸ ಮಾಡೋದು ಸೋಡಾ ಮಾಡೋದರ ಸರಿಯಾದ ವಿರುದ್ಧ. ನಿಂಬೆರಸದ ಪಿಹೆಚ್ ಎರಡು, ಎರಡೂವರೆ ಆಸುಪಾಸು, ನೂರು ಗ್ರಾಂ ರಸದಲ್ಲಿ ಐದಾರು ಗ್ರಾಂ ಸಿಟ್ರಿಕ್ ಆಸಿಡ್ಡೇ ಇರುತ್ತೆ. ಅಷ್ಟು ಹುಳಿ ಸಿಗಡಿಯ ಪ್ರೋಟೀನನ್ನ ಬೆಂಕಿ ಇಲ್ಲದೇನೇ ಬಿಗಿ ಮಾಡುತ್ತೆ. ಪೆರು ಕಡೆಯ ಸೆವಿಚೆ ಅನ್ನೋ ಅಡುಗೆ ನಿಂತಿರೋದೇ ಇದರ ಮೇಲೆ, ಒಲೆನೇ ಇಲ್ಲ, ಹಸಿ ಮೀನನ್ನ ಲೈಮ್ ರಸದಲ್ಲಿ ಹಾಕಿ ಅದು ಬೆಳ್ಳಗಾಗೋ ತನಕ ಕಾಯೋದು. ಅಲ್ಲಿಗೆ ಅದು ಸರಿ. ಆದ್ರೆ ನಾವು ಅರ್ಧ ಗಂಟೆ ಹುಳಿಯಲ್ಲಿಟ್ಟು ಒಂದ್ಸಲ ಬಿಗಿ ಮಾಡಿ, ಆಮೇಲೆ ಬಾಣಲೆಗೆ ಹಾಕಿ ಇನ್ನೊಂದ್ಸಲ ಬಿಗಿ ಮಾಡಿದ್ರೆ ನೀರೆಲ್ಲಾ ಹಿಂಡಿ ಹೋಗಿ ಹೊರಗೆ ಪುಡಿಪುಡಿ, ಒಳಗೆ ರಬ್ಬರು.

ಇದನ್ನ ಕಣ್ಣಾರೆ ನೋಡೋಣ ಅಂತ ಒಂದೇ ಪ್ಯಾಕೆಟ್ಟಿನ ಸಿಗಡಿನ ಎರಡು ಬಟ್ಟಲಿಗೆ ಹಂಚಿ, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಬರೀ ನಿಂಬೆ ಸಿಪ್ಪೆ ಹಾಕಿ ಅರ್ಧ ಗಂಟೆ ಇಟ್ಟು ನೋಡಿದೆ. ರಸದ ಬಟ್ಟಲಲ್ಲಿರೋದು ಆಗಲೇ ಅಂಚೆಲ್ಲಾ ಬೆಳ್ಳಗಾಗಿ ಮೇಲೆ ತೆಳುವಾಗಿ ಗುಲಾಬಿ ಬಣ್ಣ ಬಂದಿತ್ತು, ತಳದಲ್ಲಿ ಮೋಡ ಮೋಡ ನೀರು ನಿಂತಿತ್ತು. ಸಿಪ್ಪೆ ಬಟ್ಟಲಿನದ್ದು ಹಾಗೇ ಗಾಜಿನ ಥರ ಪಾರದರ್ಶಕ. ಇದರಲ್ಲಿ ರುಚಿಗಿಂತ ದೊಡ್ಡ ವಿಷಯ ಒಂದಿದೆ. ನಾವೆಲ್ಲಾ ಸಿಗಡಿ ಬೆಂದಿದೆಯಾ ಅಂತ ನೋಡೋದು ಬಣ್ಣದಿಂದ, ಹಸಿ ಸಿಗಡಿಯಲ್ಲಿ ಅಸ್ಟಾಕ್ಸಾಂಥಿನ್ ಅನ್ನೋ ಕೆಂಪು ಬಣ್ಣ ಒಂದು ಪ್ರೋಟೀನಿಗೆ ಅಂಟ್ಕೊಂಡು ಬೂದು-ನೀಲಿಯಾಗಿ ಕಾಣ್ತಿರುತ್ತೆ, ಬಿಸಿಗೆ ಆ ಪ್ರೋಟೀನ್ ಬಿಟ್ಕೊಂಡಾಗ ಕೆಂಪು ಹೊರಗೆ ಬರುತ್ತೆ. ಹುಳಿಗೂ ಆ ಪ್ರೋಟೀನ್ ಸಡಿಲ ಆಗುತ್ತೆ. ಅಂದ್ರೆ ರಸದಲ್ಲಿ ನೆನೆಸಿದ ಸಿಗಡಿ ಬಾಣಲೆಗೆ ಹೋಗೋ ಮೊದಲೇ ಬೆಂದಿರೋ ವೇಷ ಹಾಕ್ಕೊಂಡು ಕೂತಿರುತ್ತೆ, ನೀವು ಏನು ನೋಡಿ ಇಳಿಸ್ತೀರಿ? ಮತ್ತೆ ಹುಳಿಯಿಂದ ಬೆಳ್ಳಗಾದದ್ದು ಬೆಂದ ಹಾಗಲ್ಲ, ಬಿಸಿ ಕೊಂದ ಹಾಗೆ ಹುಳಿ ಎಲ್ಲಾ ಬ್ಯಾಕ್ಟೀರಿಯಾನ ಕೊಲ್ಲಲ್ಲ.

ನಮ್ಮ ಅಕ್ಕ ಇದನ್ನ ಒಪ್ಪಲ್ಲ. "ನಿಂಬೆ ಹಿಂಡದೇ ಇದ್ರೆ ವಾಸನೆ ಹೆಂಗೋ ಹೋಗುತ್ತೆ?" ಅಂತ ಅವಳ ವಾದ. ಅವಳು ಹೇಳೋದ್ರಲ್ಲಿ ಸತ್ಯ ಇದೆ, ಮೀನು-ಸಿಗಡಿ ವಾಸನೆಗೆ ಕಾರಣ ಆಗೋ ಅಮೈನುಗಳು ಕ್ಷಾರ, ಹುಳಿ ಸೇರಿದ್ರೆ ಅವು ಗಾಳಿಗೆ ಹಾರದ ಉಪ್ಪಾಗಿ ಕೂತುಬಿಡುತ್ತೆ, ಮೂಗಿಗೆ ಬರಲ್ಲ. ಆದ್ರೆ ಅಕ್ಕ, ಆ ಕೆಲಸ ಕೊನೆಗೆ ಹಿಂಡಿದ ನಿಂಬೆನೂ ಮಾಡುತ್ತಲ್ಲ, ಅರ್ಧ ಗಂಟೆ ಮೊದಲೇ ಯಾಕೆ ಹಿಂಡಬೇಕು? ಇದಕ್ಕೆ ಅವಳ ಹತ್ರ ಉತ್ತರ ಇಲ್ಲ, ಆದ್ರೂ ಅವಳ ಮನೆಯಲ್ಲಿ ಅವಳು ಮೊದಲೇ ಹಿಂಡ್ತಾಳೆ.

ಹಾಗಾದ್ರೆ ಸಿಪ್ಪೆ ಯಾಕೆ ಮೊದಲು? ಹಣ್ಣಿನ ಪರಿಮಳ ಅಂತ ನಾವು ಹೇಳೋದು ಹೆಚ್ಚುಕಮ್ಮಿ ಎಲ್ಲಾ ಇರೋದು ಸಿಪ್ಪೆಯ ಹೊರಗಿನ ಬಣ್ಣದ ಪದರದಲ್ಲಿ. ಕಿತ್ತಳೆ ಸಿಪ್ಪೆನ ಬೆಳಕಿಗೆ ಹಿಡಿದು ಮಡಚಿದ್ರೆ ಸಣ್ಣಗೆ ಸಿಡಿಯುತ್ತಲ್ಲ, ಅದೇ ಎಣ್ಣೆ, ಅದರಲ್ಲಿ ಬಹುಪಾಲು ಲಿಮೋನೀನ್. ಅದು ನೀರಲ್ಲಿ ಕರಗಲ್ಲ, ಎಣ್ಣೆಯಲ್ಲಿ ಬೆಣ್ಣೆಯಲ್ಲಿ ಕರಗುತ್ತೆ, ಅದರಲ್ಲಿ ಹುಳಿ ಇಲ್ಲ. ಹಾಗಾಗಿ ಎಣ್ಣೆ ಜೊತೆ ಸಿಪ್ಪೆ ಬೆರೆಸಿ ಸಿಗಡಿ ಮೇಲೆ ಎಷ್ಟು ಹೊತ್ತು ಇಟ್ರೂ ಮಾಂಸಕ್ಕೆ ಏನೂ ಆಗಲ್ಲ, ಪರಿಮಳ ಮಾತ್ರ ಹತ್ತುತ್ತೆ. ರಸದಲ್ಲಿ ಹುಳಿ, ಸಿಹಿ ಇದೆ, ಪರಿಮಳ ಕಮ್ಮಿ. ಬರೀ ರಸ ಹಾಕಿದ ಅಡುಗೆ ಹುಳಿ ಹುಳಿ ಇದ್ದು "ಕಿತ್ತಳೆ ಎಲ್ಲಿ?" ಅಂತ ಹುಡುಕೋ ಹಾಗಾಗೋದು ಇದಕ್ಕೇನೇ.

ಸಿಪ್ಪೆನ ನಾನು ಎರಡು ಥರ ತೆಗೀತೀನಿ. ಮೊದಲು ಹಣ್ಣನ್ನ ಬಿಸಿನೀರಲ್ಲಿ ಬ್ರಷ್ ಹಾಕಿ ಉಜ್ಜಿ ತೊಳೀತೀನಿ, ಮೇಣದ ಪಾಲಿಶ್ ಇದ್ರೆ ಹೋಗಲಿ ಅಂತ. ಆಮೇಲೆ ಆಲೂಗಡ್ಡೆ ಸಿಪ್ಪೆ ತೆಗೆಯೋ ಪೀಲರ್ ಇಂದ ಕಿತ್ತಳೆಯಲ್ಲಿ ಮೂರ್ನಾಲ್ಕು, ನಿಂಬೆಯಲ್ಲಿ ಎರಡು ಅಗಲ ಪಟ್ಟಿ, ಇವು ನೆನೆಸೋಕೆ. ಪಟ್ಟಿನೇ ಯಾಕೆ, ತುರಿದು ಹಾಕಬಾರದಾ ಅಂದ್ರೆ, ತುರಿ ಸಿಗಡಿಗೆ ಅಂಟ್ಕೊಂಡು ಬಾಣಲೆಗೆ ಹೋಗಿ ಸೀದು ಕಹಿಯಾಗುತ್ತೆ, ಪಟ್ಟಿಯಾದ್ರೆ ಹುರಿಯೋ ಮೊದಲು ಎತ್ತಿ ಹಾಕಬಹುದು. ಉಳಿದ ಸಿಪ್ಪೆನ ಸಣ್ಣ ಕಣ್ಣಿನ ಗ್ರೇಟರಲ್ಲಿ ತುರಿದು ಇಡ್ತೀನಿ, ಅದು ಕೊನೆಗೆ. ತುರಿಯೋವಾಗ ಒಂದೇ ಜಾಗದಲ್ಲಿ ಒಂದೇ ಸಲ ಎಳೀಬೇಕು, ಬಿಳಿ ಕಂಡ್ತು ಅಂದ್ರೆ ಹಣ್ಣು ತಿರುಗಿಸಿ, ಆ ಬಿಳಿ ಭಾಗದಲ್ಲಿ ಕಹಿ ಬಿಟ್ರೆ ಏನಿಲ್ಲ. ಮತ್ತೆ ಇದೆಲ್ಲಾ ಹಣ್ಣು ಕುಯ್ಯೋ ಮೊದಲೇ ಆಗಬೇಕು, ಹಿಂಡಿ ಮೆತ್ತಗಾದ ಅರ್ಧ ನಿಂಬೆನ ತುರಿಯೋಕೆ ಹೋದ್ರೆ ಕೈ ಬೆರಳೇ ತುರೀಬೇಕಾಗುತ್ತೆ.

ಉಪ್ಪು-ಸೋಡಾ ಹಚ್ಚಿದ ಸಿಗಡಿಗೆ ಒಂದು ದೊಡ್ಡ ಚಮಚ ಎಣ್ಣೆ, ಕೈಯಲ್ಲಿ ಹಿಸುಕಿದ ಸಿಪ್ಪೆ ಪಟ್ಟಿಗಳು, ಅರ್ಧದಷ್ಟು ಒಣಮೆಣಸಿನಕಾಯಿ ಹಾಕಿ ಕಲಸಿ ಮತ್ತೆ ಫ್ರಿಜ್ಜಿಗೆ. ಅರ್ಧ ಗಂಟೆ ಸಾಕು, ಒಂದು ಗಂಟೆ ಆದ್ರೂ ತೊಂದ್ರೆ ಇಲ್ಲ. ಜನ ಬರೋದು ತಡ ಆದ್ರೆ ಟೆನ್ಶನ್ ಇಲ್ಲ ಅನ್ನೋದೂ ಈ ವಿಧಾನದ ಒಂದು ಸುಖ, ರಸದಲ್ಲಿ ನೆನೆಸಿಟ್ರೆ ಗಡಿಯಾರ ನೋಡ್ತಾ ಕೂರಬೇಕು.

ಅದು ಫ್ರಿಜ್ಜಲ್ಲಿ ಇರೋ ಹೊತ್ತಲ್ಲಿ ಚಿಪ್ಪಿನ ಕೆಲಸ. ಚಿಪ್ಪು ತೊಳೆದು ಚೆನ್ನಾಗಿ ಒರೆಸಿ, ಉಳಿದ ಎರಡು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಎಂಟತ್ತು ನಿಮಿಷ ಹುರೀತೀನಿ. ಆ ಕೆಂಪು ಬಣ್ಣನೂ ಎಣ್ಣೆಯಲ್ಲಿ ಕರಗೋ ಜಾತಿದು, ನೋಡ್ತಾ ನೋಡ್ತಾ ಎಣ್ಣೆ ಕೇಸರಿ ಬಣ್ಣಕ್ಕೆ ತಿರುಗುತ್ತೆ, ಮನೆಯೆಲ್ಲಾ ಹುರಿದ ಸಿಗಡಿ ಘಮ. ಉರಿ ಜಾಸ್ತಿ ಮಾಡಬೇಡಿ, ಚಿಪ್ಪು ಕಪ್ಪಾದ್ರೆ ಎಣ್ಣೆಯೂ ಕಹಿ. ಸೋಸಿ, ಚಿಪ್ಪನ್ನ ಚಮಚದಿಂದ ಒತ್ತಿ ಹಿಂಡಿ ಎಣ್ಣೆ ತಗೊಳ್ಳಿ, ಇದರಲ್ಲೇ ಮುಂದೆ ಹುರಿಯೋದು. ಚಿಪ್ಪಿಲ್ಲದ ಸಿಗಡಿ ತಂದಿದ್ರೆ ಈ ಹಂತ ಬಿಟ್ಟುಬಿಡಿ, ಅಡುಗೆ ಆಗುತ್ತೆ, ಆದ್ರೆ ಆಳ ಇರಲ್ಲ ಅಷ್ಟೇ.

ಹುರಿಯೋದಕ್ಕೆ ಮುಂಚೆ ರಸನೂ ರೆಡಿ ಇರಬೇಕು, ಒಲೆ ಹತ್ತಿಸಿದ ಮೇಲೆ ಹಿಂಡ್ತಾ ನಿಲ್ಲೋಕೆ ಟೈಮ್ ಇರಲ್ಲ. ಆದ್ರೆ ಗಂಟೆಗಟ್ಟಲೆ ಮೊದಲೇ ಹಿಂಡಿ ಇಡಬೇಡಿ, ಕಿತ್ತಳೆ ರಸ ಹೊತ್ತು ಹೋದ ಹಾಗೆ ತಾನೇ ಕಹಿ ಆಗ್ತಾ ಹೋಗುತ್ತೆ, ಬೀಜ ಇಲ್ಲದ ನೇವಲ್ ಜಾತಿಯಲ್ಲಿ ಇದು ಜಾಸ್ತಿ. ಒಂದು ಕಿತ್ತಳೆಗೆ 70-80 ಎಂಎಲ್ ರಸ ಬರುತ್ತೆ, ನಿಂಬೆದು ಎರಡು ದೊಡ್ಡ ಚಮಚ ಆಗೋಷ್ಟು ಹಿಂಡಿಟ್ಕೊಳ್ಳಿ, ಎಲ್ಲಾ ಬೇಕಾಗದೇ ಇರಬಹುದು.

ಬಾಣಲೆ ಬಗ್ಗೆ ಒಂದು ಮಾತು. ಸ್ಟೀಲಿನ ಅಗಲ ಪ್ಯಾನ್ ನನಗೆ ಇಷ್ಟ, ನಾನ್‌ಸ್ಟಿಕ್ ಆದ್ರೂ ನಡೆಯುತ್ತೆ. ಕೋಟಿಂಗ್ ಇಲ್ಲದ ಅಲ್ಯೂಮಿನಿಯಂ ಅಥವಾ ಕಬ್ಬಿಣದಲ್ಲಿ ಸಿಗಡಿ ಹುರಿದ್ರೆ ಪರವಾಗಿಲ್ಲ, ಆದ್ರೆ ಹಣ್ಣಿನ ರಸ ಅದರಲ್ಲಿ ಕುದಿಸಬೇಡಿ, ಲೋಹದ ರುಚಿ ಬರುತ್ತೆ, ಸಾಸ್ ಬೇರೆ ಪಾತ್ರೆಯಲ್ಲಿ ಮಾಡ್ಕೊಳ್ಳಿ.

ಸಿಪ್ಪೆ ಪಟ್ಟಿ ಎತ್ತಿ ಹಾಕಿ, ಸಿಗಡಿನ ಮತ್ತೊಮ್ಮೆ ಒರೆಸಿ. ಎಣ್ಣೆ ಹಚ್ಚಿದೆಯಲ್ಲ ಯಾಕೆ ಒರೆಸ್ಬೇಕು ಅನ್ಬೇಡಿ, ಉಪ್ಪಿಗೆ ನೀರು ಬಿಟ್ಟಿರುತ್ತೆ, ಆ ನೀರು ಇರೋ ತನಕ ಸಿಗಡಿಯ ಮೇಲ್ಮೈ 100 ಡಿಗ್ರಿ ದಾಟಲ್ಲ, ಹುರಿದ ಕಂದು ಬಣ್ಣ ಬರೋ ಕೆಲಸ ಸರಿಯಾಗಿ ನಡೆಯೋದು 140 ಡಿಗ್ರಿ ಮೇಲೆ. ಚಿಪ್ಪಿನ ಎಣ್ಣೆ ಹಾಕಿ ಜೋರು ಉರಿಯಲ್ಲಿ ಕಾಯಿಸಿ, ಎಣ್ಣೆ ತೆಳ್ಳಗೆ ಹರಿದಾಡಿ ಮಿನುಗೋಕೆ ಶುರು ಆದಾಗ ಸಿಗಡಿನ ಒಂದೊಂದಾಗಿ ಜಾಗ ಬಿಟ್ಟು ಜೋಡಿಸಿ. 500 ಗ್ರಾಮನ್ನ ನಾನು ಎರಡು ಸರ್ತಿಗೆ ಹಂಚ್ತೀನಿ, ಒಟ್ಟಿಗೆ ಸುರಿದ್ರೆ ಪ್ಯಾನ್ ತಣ್ಣಗಾಗಿ ಎಲ್ಲಾ ತಮ್ಮ ನೀರಲ್ಲೇ ಕೂತು ಬೇಯುತ್ತೆ. ಇಟ್ಟ ಮೇಲೆ ಮುಟ್ಟಬೇಡಿ. ಕೆದಕೋ ಚಟ ಇರೋರು ಸೌಟು ದೂರ ಇಟ್ಕೊಳ್ಳಿ. ಒಂದೂವರೆ ನಿಮಿಷ ಹೊತ್ತಿಗೆ ಕೆಳಗೆ ಬಣ್ಣ ಬಂದು ಬದಿಯಲ್ಲಿ ಬಿಳಿ ಮೇಲಕ್ಕೆ ಏರ್ತಾ ಬರುತ್ತೆ, ಆಗ ತಿರುವಿ ಹಾಕಿ, ಇನ್ನೊಂದು ಕಡೆ ಅರ್ಧ ನಿಮಿಷ ಅಥವಾ ಚೂರು ಜಾಸ್ತಿ. ನಡುವಲ್ಲಿ, ಬೆನ್ನು ಸೀಳಿದ ದಪ್ಪ ಜಾಗದಲ್ಲಿ, ಕೊಂಚ ಗಾಜಿನ ಥರ ಇರೋವಾಗಲೇ ತಟ್ಟೆಗೆ ತೆಗೀರಿ. ಆಕಾರನೂ ಹೇಳುತ್ತೆ, ಅರ್ಧಚಂದ್ರದ ಹಾಗೆ ಬಾಗಿದ್ರೆ ಸರಿ, ತಲೆ-ಬಾಲ ಮುಟ್ಟಿ ಬಳೆ ಆಗಿದೆ ಅಂದ್ರೆ ಜಾಸ್ತಿ ಬೆಂದಿದೆ. ಇದು ಪೂರ್ತಿ ಬೇಯೋದು ಸಾಸಿಗೆ ವಾಪಸ್ ಹೋದಾಗ. ಥರ್ಮಾಮೀಟರ್ ಇರೋರು ದಪ್ಪ ಜಾಗದಲ್ಲಿ ಚುಚ್ಚಿ ನೋಡಿ, ಕೊನೆಯಲ್ಲಿ 63 ಡಿಗ್ರಿ ಸೆಲ್ಸಿಯಸ್ ಬರಬೇಕು, ಮೀನು-ಸಿಗಡಿಗೆ ಅಮೆರಿಕದ ಆಹಾರ-ಔಷಧ ಸಂಸ್ಥೆ ಎಫ್‌ಡಿಎ ಹೇಳೋ ಅಂಕಿ ಅದು.

ಈಗ ಸಾಸು, ನನ್ನ ಪ್ರಕಾರ ಮಜಾ ಇರೋದೇ ಇಲ್ಲಿ. ಅದೇ ಪ್ಯಾನಿನ ಉರಿ ಸಣ್ಣ ಮಾಡಿ, ಎಣ್ಣೆ ಕಮ್ಮಿ ಇದ್ರೆ ಅರ್ಧ ಚಮಚ ಹಾಕಿ, ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ ಮತ್ತೆ ಉಳಿದ ಒಣಮೆಣಸಿನಕಾಯಿ ಹಾಕಿ. ಬೆಳ್ಳುಳ್ಳಿ ಅಂಚು ಹೊಂಬಣ್ಣ ತಿರುಗೋ ಮೊದಲೇ ಕಿತ್ತಳೆ ರಸ ಸುರಿದುಬಿಡಿ, ಆ ರಸವೇ ಬೆಳ್ಳುಳ್ಳಿ ಸೀಯೋದನ್ನ ತಡೆಯುತ್ತೆ. ಪ್ಯಾನಿಗೆ ಅಂಟಿರೋ ಕಂದು ಬಣ್ಣದ್ದನ್ನೆಲ್ಲಾ ಮರದ ಸೌಟಿಂದ ಕೆರೆದು ರಸಕ್ಕೆ ಸೇರಿಸಿ, ರುಚಿ ಅದರಲ್ಲೇ ಇರೋದು. ಈಗ ಉರಿ ಜಾಸ್ತಿ ಮಾಡಿ ಕುದಿಸಿ ಬತ್ತಿಸಿ, ಎರಡು ದೊಡ್ಡ ಚಮಚ ಆಗೋ ತನಕ. ಕಿತ್ತಳೆ ರಸದಲ್ಲಿ ನೂರಕ್ಕೆ ಎಂಟತ್ತರಷ್ಟು ಸಕ್ಕರೆ ಇರೋದ್ರಿಂದ ಬತ್ತಿದಾಗ ತಾನೇ ಜಿಗುಟಾಗಿ ಹೊಳಪು ಬರುತ್ತೆ, ಬೇರೆ ಸಕ್ಕರೆ-ಜೇನುತುಪ್ಪ ನಾನು ಹಾಕಲ್ಲ. ಗುಳ್ಳೆಗಳು ಸಣ್ಣದಿದ್ದದ್ದು ದೊಡ್ಡದಾಗಿ ನಿಧಾನಕ್ಕೆ ಒಡೆಯೋಕೆ ಶುರುವಾದ್ರೆ ಅಲ್ಲಿಗೆ ಸಾಕು, ಮುಂದೆ ಹೋದ್ರೆ ಸೀಯುತ್ತೆ.

ಕಿತ್ತಳೆ ಕುದಿಸ್ತೀನಿ, ನಿಂಬೆ ಕುದಿಸಲ್ಲ. ಕಿತ್ತಳೆ ಇಲ್ಲಿ ಸಿಹಿಗೆ, ಮೈಗೆ. ನಿಂಬೆ ಹುಳಿಗೆ, ತಾಜಾತನಕ್ಕೆ. ನಿಂಬೆರಸ ಕುದಿಸಿದ್ರೆ ಹುಳಿ ಎಲ್ಲೂ ಹೋಗಲ್ಲ, ಆದ್ರೆ ಆ ಎದ್ದು ಕಾಣೋ ತಾಜಾ ವಾಸನೆ ಆವಿಯ ಜೊತೆ ಹೋಗಿಬಿಡುತ್ತೆ, ಉಳಿಯೋದು ಬೇಯಿಸಿದ ಮೊಂಡು ಹುಳಿ.

ರಸ ಬತ್ತಿದ ಮೇಲೆ ಒಲೆ ಆರಿಸಿ. ಸಿಗಡಿನ ತಟ್ಟೆಯಲ್ಲಿ ನಿಂತ ರಸದ ಸಮೇತ ಪ್ಯಾನಿಗೆ ಹಾಕಿ, ತಣ್ಣಗಿನ ಬೆಣ್ಣೆ ಸಣ್ಣ ತುಂಡು ಮಾಡಿ ಎರಡೆರಡಾಗಿ ಹಾಕ್ತಾ ಪ್ಯಾನನ್ನ ಅಲ್ಲಾಡಿಸ್ತಾ ಇರಿ. ತಣ್ಣನೆ ಬೆಣ್ಣೆ ನಿಧಾನಕ್ಕೆ ಕರಗೋದ್ರಿಂದ ಅದರ ಕೊಬ್ಬು ಸಣ್ಣ ಸಣ್ಣ ಹನಿಯಾಗಿ ರಸದ ಜೊತೆ ಬೆರೆತು ಕೆನೆ ಥರ ದಪ್ಪ ಸಾಸ್ ಆಗುತ್ತೆ. ಬೆಣ್ಣೆ ಮೊದಲೇ ಕರಗಿಸಿ ಸುರಿದ್ರೆ ಅಥವಾ ಒಲೆ ಮೇಲೇ ಕುದಿಸಿದ್ರೆ ಒಡೆದು ಎಣ್ಣೆ ಬೇರೆ ನೀರು ಬೇರೆ ನಿಲ್ಲುತ್ತೆ. ಹಾಗೆ ಒಡೀತು ಅಂದ್ರೂ ಗಾಬರಿ ಬೇಡ, ಒಂದು ಚಮಚ ನೀರು ಹಾಕಿ ಜೋರಾಗಿ ಕಲಕಿದ್ರೆ ಸಾಮಾನ್ಯವಾಗಿ ಕೂಡ್ಕೊಳ್ಳುತ್ತೆ. ಪ್ಯಾನಿನ ಬಿಸಿ ಸಾಲ್ದೆ ಸಿಗಡಿ ನಡುವಲ್ಲಿ ಇನ್ನೂ ಹಸಿ ಕಾಣ್ತಿದ್ರೆ ತೀರಾ ಸಣ್ಣ ಉರಿಯಲ್ಲಿ ಅರ್ಧ ನಿಮಿಷ ಇಟ್ಟು ಇಳಿಸಿ.

ಆಮೇಲೆ ನಿಂಬೆರಸ, ಒಂದು ಚಮಚ ಹಾಕಿ ರುಚಿ ನೋಡಿ, ಬೇಕಾದ್ರೆ ಇನ್ನರ್ಧ. ಹಣ್ಣಿಂದ ಹಣ್ಣಿಗೆ ಹುಳಿ ಬೇರೆ ಇರೋದ್ರಿಂದ ಇಲ್ಲಿ ಅಳತೆಗಿಂತ ನಾಲಿಗೆನ ನಂಬಿ. ಹುಳಿ ಜಾಸ್ತಿ ಅನಿಸಿದ್ರೆ ಸಕ್ಕರೆ ಹಾಕೋ ಮೊದಲು ಒಂದು ಚಿಟಿಕೆ ಉಪ್ಪು ಹಾಕಿ ನೋಡಿ, ಎಷ್ಟೋ ಸಲ ಕೊರತೆ ಇರೋದು ಉಪ್ಪಿಂದು. ಕೊನೆಗೆ ತುರಿದಿಟ್ಟ ಸಿಪ್ಪೆ ಎರಡೂ ಥರದ್ದು, ಕೊತ್ತಂಬರಿ ಸೊಪ್ಪು. ಈ ತುರಿ ಬಿಸಿ ಬೆಣ್ಣೆಗೆ ಬಿದ್ದ ಕ್ಷಣ ಏಳೋ ಪರಿಮಳ ಇದೆಯಲ್ಲ, ಅದಕ್ಕೋಸ್ಕರನೇ ನಾನು ಇದನ್ನ ಎಲ್ಲರೂ ಕೂತ ಮೇಲೆ ಅವರ ಮುಂದೆನೇ ಉದುರಿಸೋದು.

ಹಣ್ಣು ಬದಲಾಯಿಸಬಹುದಾ ಅಂದ್ರೆ ಆರಾಮಾಗಿ. ಹಸಿರು ಲೈಮ್ ಹಾಕಿದ್ರೆ ಹುಳಿ ಇನ್ನೂ ಚುರುಕು, ಹಸಿಮೆಣಸಿನಕಾಯಿ ಜೊತೆ ಚೆನ್ನಾಗಿ ಹೋಗುತ್ತೆ. ದ್ರಾಕ್ಷಿಹಣ್ಣು ಅಲ್ಲದ ಗ್ರೇಪ್‌ಫ್ರೂಟ್ ಇದೆಯಲ್ಲ, ಅದರಲ್ಲಿ ಹುಟ್ಟು ಕಹಿ ಇದೆ, ರಸ ಬತ್ತಿಸಿದ್ರೆ ಕಹಿನೂ ಗಟ್ಟಿಯಾಗುತ್ತೆ, ಅದಕ್ಕೆ ಅದರ ರಸ ಕುದಿಸದೆ ಸುಲಿದ ತೊಳೆಗಳನ್ನ ಮುರಿದು ಕೊನೆಗೆ ಸೇರಿಸ್ತೀನಿ. ಬಾಟಲಿ ನಿಂಬೆರಸ ಮಾತ್ರ ಬೇಡ, ಅದರಲ್ಲಿ ಹುಳಿ ಇರುತ್ತೆ, ನಿಂಬೆ ಇರಲ್ಲ.

ಗ್ರಿಲ್ ಅಥವಾ ಏರ್ ಫ್ರೈಯರ್ ಇರೋರು ಕಡ್ಡಿಗೆ ಚುಚ್ಚಿನೂ ಮಾಡಬಹುದು, ನೆನೆಸೋದು ಹೀಗೇನೇ, ಸಾಸ್ ಬೇರೆ ಮಾಡಿ ಸಿಗಡಿ ಇಳಿಸಿದ ಮೇಲೆ ಸವರಿ. ಮೊದಲೇ ಸವರಿದ್ರೆ ಕಿತ್ತಳೆಯ ಸಕ್ಕರೆ ಸಿಗಡಿ ಬೇಯೋ ಮೊದಲೇ ಕರಟುತ್ತೆ. ಎರಡು ಕಡ್ಡಿ ಸಮಾನಾಂತರ ಚುಚ್ಚಿದ್ರೆ ತಿರುವೋವಾಗ ಸಿಗಡಿ ಗಿರಗಿರ ಸುತ್ತಲ್ಲ.

ಜನ ಬರೋ ದಿನ ನಾನು ಮುಂಚೆ ಮಾಡಿಡೋದು ಸುಲಿಯೋದು, ಚಿಪ್ಪಿನ ಎಣ್ಣೆ, ಸಿಪ್ಪೆಯಲ್ಲಿ ನೆನೆಸೋದು, ಇಷ್ಟು. ಹುರಿಯೋದು ಅವರು ಬಂದ ಮೇಲೇನೇ, ಒಲೆ ಕೆಲಸ ಹತ್ತು ನಿಮಿಷದೊಳಗೆ ಮುಗಿಯುತ್ತೆ. ಮತ್ತೆ ಬಂದವರಲ್ಲಿ ಯಾರಿಗಾದ್ರೂ ಸಿಗಡಿ-ಏಡಿ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿಬಿಡಿ. ಅಲರ್ಜಿಗೆ ಮುಖ್ಯ ಕಾರಣ ಆಗೋ ಟ್ರೋಪೋಮಯೋಸಿನ್ ಅನ್ನೋ ಪ್ರೋಟೀನ್ ಬೇಯಿಸಿದ್ರೂ ಹಾಳಾಗಲ್ಲ, ಚಿಪ್ಪಿನ ಎಣ್ಣೆ ಬಿದ್ದ ಸಾಸ್ ತಿಂದ್ರೂ ತೊಂದ್ರೆ ಆಗಬಹುದು, "ಸಿಗಡಿ ಬಿಟ್ಟು ಸಾಸ್ ತಿನ್ನಿ" ಅನ್ನೋ ಮಾತು ಬೇಡ.

ಉಳಿದ್ರೆ (ನಮ್ಮಲ್ಲಿ ಉಳಿಯೋದು ಅಪರೂಪ) ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿಗೆ ಇಡಿ. ಮಾರನೇ ದಿನ ಬಿಸಿ ಮಾಡಲೇಬೇಡಿ, ಎರಡನೇ ಬಿಸಿಗೆ ಸಿಗಡಿ ಗಟ್ಟಿಯಾಗುತ್ತೆ. ಗಟ್ಟಿಯಾದ ಬೆಣ್ಣೆ ಸಾಸನ್ನ ಒರೆಸಿ ತೆಗೆದು, ಸಿಗಡಿನ ತುಂಡು ಮಾಡಿ ಸೌತೆಕಾಯಿ, ಈರುಳ್ಳಿ, ಹೊಸದಾಗಿ ತುರಿದ ನಿಂಬೆ ಸಿಪ್ಪೆ ಹಾಕಿ ತಣ್ಣಗೇ ಸಲಾಡ್ ಮಾಡ್ಕೊಳ್ಳಿ. ನಿಂಬೆರಸನ ಅಲ್ಲೂ ತಿನ್ನೋ ಮುಂಚೆನೇ ಹಿಂಡಿ.